ಆಲ್ಫಾ ಕಣದ ಸ್ವರೂಪವೂ ವರ್ತನೆಯೂ
(ಸಿ.ವಿ. ರಾಮನ್ ನಗರದ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸ)

 

ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರಿಗೂ ಕೃಷ್ಣರಾಜಪುರಕ್ಕೂ ನಡುವೆ ಇರುವ ಈ ಬಡಾವಣೆಯು ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಹೆಸರನ್ನು ಹೊತ್ತಿರುವುದು. ರಾಮನ್ನರು 1888ರಲ್ಲಿ ಜನಿಸಿ, 1933ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಗೆ ನಿರ್ದೇಶಕರಾಗಿ ಬಂದು, 1970ರಲ್ಲಿ ಇದೇ ಊರಿನಲ್ಲಿ ದೇಹವಿಟ್ಟರು. ಬೆಳಕಿನ ಚದರಿಕೆಯನ್ನು ಕುರಿತ ಅವರ ಶೋಧನೆಗೆ 1930ರಲ್ಲಿ ನೊಬೆಲ್ ಪಾರಿತೋಷಕವು ದೊರೆತ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಪಾರಿತೋಷಕಕ್ಕೆ ಅವರ ಹೆಸರನ್ನು ಸೂಚಿಸಿದ ಪಂಡಿತರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ರುದರ್‌ಫರ್ಡರೂ ಒಬ್ಬರೆಂಬುದನ್ನು ಮಾತ್ರ ಬಲ್ಲವರು ಕಡಿಮೆ. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬವು 1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದಾಗ ಅದರ ಅಧ್ಯಕ್ಷಪೀಠವನ್ನು ಅಲಂಕರಿಸಬೇಕಾಗಿದ್ದವರು ಈ ರುದರ್‌ಫರ್ಡರೇ. ಆದರೆ 1937ರ ಅಕ್ಟೋಬರಿನಲ್ಲಿ ಅವರು ಅಕಸ್ಮಾತ್ತಾಗಿ ತೀರಿಕೊಂಡುದರಿಂದ ಸರ್ ಜೇಮ್ಸ್ ಜೀನ್ಸರು ಆ ಸ್ಥಾನದಲ್ಲಿ ಕುಳಿತರು. ಒಂದು ಹಬ್ಬದ ಪೀಠವು ಹೀಗೆ ತನ್ನ ಅತಿಥಿಯನ್ನು ಕಳೆದುಕೊಂಡಿತು.

ಆ ಮಹನೀಯರು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದುದು ಆಲ್ಫಾ ಕಣವೆಂಬ ಒಂದು ಅತಿಸೂಕ್ಷ್ಮ ವಸ್ತುವಿನ ಸಂಗಡ. ಅದಕ್ಕೆ ಹೆಸರಿಟ್ಟವರು ಅವರು. ಅದು ಇಂಥದೆಂದು ನಿರ್ಣಯಿಸಿದವರು ಅವರು. ಅದನ್ನೇ ಸಾಧನವಾಗಿ ಹಿಡಿದು ಪರಮಾಣುವಿನ ಒಡಲನ್ನು ಕಂಡವರೂ ಅವರೇ. ಪರದೇಶದ ಪ್ರಯೋಗಶಾಲೆಯ ಈ ಸಂಗತಿಗೂ ರಾಮನ್ ನಗರದ ಗೃಹಸ್ಥರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ಬಹಳ ದೂರದಲ್ಲಿಲ್ಲ. ಮನೆಯ ತಳಪಾಯದ ಕೆಳಗೇ ಇರುವುದು.

ಬೆಂಗಳೂರು ನಿಂತಿರುವುದು ಅತಿ ಪುರಾತನವಾದ ಪಟ್ಟೆಗಲ್ಲಿನ ಮೇಲೆ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಎಂಬವರು ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯೇ ಅದರ ಪ್ರಸಿದ್ಧವಾದ ಮಾದರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಎಣಿಸಿರುವರು. ಕಗ್ಗದಾಸಪುರ, ಬೈರಸಂದ್ರಗಳ ಕೆರೆಯಂಗಳದ ಮಣ್ಣನ್ನು ಅಗೆಯುತ್ತ ಹೋದರೆ ಕೊನೆಗೆ ಸಿಕ್ಕುವುದೂ ಈ ಜಾತಿಯ ಕಲ್ಲೇ. ಇಂಥ ಕಲ್ಲುಗಳಲ್ಲಿ ಯುರೇನಿಯಂ ಎಂಬ ಭಾರವಾದ ಲೋಹವು ಬಹು ಸ್ವಲ್ಪವಾಗಿ ಬೆರೆತಿರುವುದು. ಒಂದು ಟನ್ ಕಲ್ಲಿನಲ್ಲಿ, ಎಂದರೆ ಒಂದು ಎತ್ತಿನಬಂಡಿಯು ಎಳೆಯಬಹುದಾದಷ್ಟು ಕಲ್ಲಿನಲ್ಲಿ, ಮೂರು ಗ್ರಾಂ ಯುರೇನಿಯಂ ಇದೆಯೆಂದು ಹಿಡಿದರೂ, ಅದರಿಂದ ಸೆಕೆಂಡಿಗೆ ಸುಮಾರು 37,000 ಆಲ್ಫಾ ಕಣಗಳು ಸಿಡಿಯುತ್ತಿರುವುವು. ಯುರೇನಿಯಂನ ಸಂತತಿಯನ್ನೆಲ್ಲ ಕೂಡಿಸಿಕೊಂಡರೆ ಈ ಲೆಕ್ಕವು ಮೂರು ಲಕ್ಷದ ಸಮೀಪಕ್ಕೆ ಬರುವುದು. ಕಲ್ಲು ಜಡವೆಂದೂ ನಿಶ್ಚಲವೆಂದೂ ಆಡುವ ಮಾತು ಲೋಕರೂಢಿಗೆ ಮಾತ್ರ ಸರಿಯಾದುದು.

ಈ ಸಿಡಿತವೇಕೆ? ಪರಮಾಣುವಿನ ನಡುವೆ ಬೀಜಕೇಂದ್ರವೊಂದಿರುವುದು. ಅದರಲ್ಲಿ ಧನವಿದ್ಯುತ್ತುಳ್ಳ ಪ್ರೋಟಾನುಗಳೂ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಒತ್ತಾಗಿ ಸೇರಿಕೊಂಡಿರುವುವು. ಒಂದೇ ಬಗೆಯ ವಿದ್ಯುತ್ತುಳ್ಳವು ಒಂದನ್ನೊಂದು ದೂರ ತಳ್ಳುವುದು ಪ್ರಕೃತಿನಿಯಮ. ಹಾಗಿದ್ದರೂ ಅವು ಚದರಿಹೋಗದಂತೆ ಹಿಡಿದಿರುವ ಮತ್ತೊಂದು ಪ್ರಬಲವಾದ ಆಕರ್ಷಣೆಯುಂಟು. ಆದರೆ ಅದರ ಕೈ ಬಹಳ ಮೋಟು, ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿದ್ದರೆ ಮಾತ್ರ ಹಿಡಿಯುವುದು. ಸಣ್ಣ ಬೀಜಕೇಂದ್ರದಲ್ಲಿ ಈ ಹಿಡಿತವೇ ಗೆಲ್ಲುವುದು. ಯುರೇನಿಯಂನಲ್ಲಾದರೋ 92 ಪ್ರೋಟಾನುಗಳು. ಅಷ್ಟು ದೊಡ್ಡ ಗುಂಪಿನಲ್ಲಿ ನೂಕುವಿಕೆಯು ಎಲ್ಲರಿಂದ ಎಲ್ಲರಿಗೂ ತಗಲುವುದು, ಹಿಡಿತವು ಪಕ್ಕದವರಿಗೆ ಮಾತ್ರ. ಆದುದರಿಂದ ಅಂಥ ಬೀಜಕೇಂದ್ರಕ್ಕೆ ತನ್ನ ಭಾರವನ್ನು ಕೊಂಚ ಇಳಿಸಿಕೊಳ್ಳದೆ ನೆಮ್ಮದಿಯಿಲ್ಲ.

ಜಾತ್ರೆಯ ಸಂದಣಿಯೊಳಗಿಂದ ಜನರು ಹೊರಬೀಳುವುದನ್ನು ಎಲ್ಲರೂ ನೋಡಿರುವರು. ಒಬ್ಬೊಬ್ಬರೇ ಬಿಡಿಯಾಗಿ ಬರುವುದಕ್ಕಿಂತ, ಗಂಡಹೆಂಡಿರೂ ಎರಡು ಮಕ್ಕಳೂ ಕೈ ಕೈ ಹಿಡಿದು ಒಟ್ಟಾಗಿ ನುಗ್ಗಿಬರುವುದು ವಾಡಿಕೆ. ಭಾರವಾದ ಬೀಜಕೇಂದ್ರದಿಂದ ಹೊರಡುವುದೂ ಇಂಥ ನಾಲ್ವರ ಸಂಸಾರವೇ. ಎರಡು ಪ್ರೋಟಾನುಗಳು, ಎರಡು ನ್ಯೂಟ್ರಾನುಗಳು. ಈ ನಾಲ್ಕರ ಕೂಟವು ಅತ್ಯಂತ ಗಟ್ಟಿಯಾದುದು. ಅದನ್ನು ಬಿಡಿಸುವುದು ಬಹು ಕಷ್ಟ. ಹೊರಬಿದ್ದ ಈ ಕೂಟಕ್ಕೇ ಆಲ್ಫಾ ಕಣವೆಂದು ಹೆಸರು. ಅದು ಹೋದ ಮೇಲೆ ಉಳಿದ ಪರಮಾಣುವು ಹಿಂದಿನದಾಗಿ ಉಳಿಯುವುದಿಲ್ಲ. ಎರಡು ಪ್ರೋಟಾನುಗಳು ಕಡಿಮೆಯಾದುದರಿಂದ ಅದರ ಜಾತಿಯೇ ಬದಲಾಗುವುದು. ಯುರೇನಿಯಂ ಥೋರಿಯಂ ಆಗುವುದು. ರೇಡಿಯಂ ಎಂಬ ಲೋಹವು ರೇಡಾನ್ ಎಂಬ ಅನಿಲವಾಗುವುದು. ರಸವಾದಿಗಳು ಕುಲುಮೆಯ ಮುಂದೆ ಕುಳಿತು ಹಾರೈಸಿ ಸೋತ ಧಾತುಪರಿವರ್ತನೆಯು ಯಾರ ಹಾರೈಕೆಯೂ ಇಲ್ಲದೆ ಲಾಲ್‌ಬಾಗಿನ ಬಂಡೆಯಲ್ಲಿ ನಡೆದೇ ಇರುವುದು.

ಯುರೇನಿಯಂ ತನ್ನಷ್ಟಕ್ಕೆ ತಾನೇ ಕಿರಣಗಳನ್ನು ಬೀರುವುದೆಂದು 1896ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಬೆಕ್ವೆರೆಲ್. ಮೂರು ವರ್ಷಗಳ ತರುವಾಯ ರುದರ್‌ಫರ್ಡರು ಆ ಕಿರಣಗಳು ಒಂದೇ ಜಾತಿಯವಲ್ಲವೆಂದು ತೋರಿಸಿದರು. ತೆಳ್ಳನೆಯ ತಗಡಿಗೇ ಸೋತು ನಿಲ್ಲುವುವನ್ನು ಆಲ್ಫಾ ಎಂದೂ, ಅದನ್ನು ದಾಟಿ ಮುಂದೆ ಹೋಗುವುವನ್ನು ಬೀಟಾ ಎಂದೂ ಕರೆದರು. ಗ್ರೀಕರ ಅಕ್ಷರಮಾಲೆಯ ಮೊದಲಿನ ಎರಡು ಅಕ್ಷರಗಳಿವು. 'ಅ' ಕಿರಣ, 'ಆ' ಕಿರಣ ಎಂದ ಹಾಗೆ. ಬಲವಾದ ಅಯಸ್ಕಾಂತದಿಂದ ಆಲ್ಫಾ ಕಿರಣವನ್ನು ಬಾಗಿಸಬಹುದೆಂದು 1903ರಲ್ಲಿ ಅವರಿಗೆ ಗೊತ್ತಾಯಿತು. ಬಾಗಿದ ದಿಕ್ಕಿನಿಂದ ಅದು ಧನವಿದ್ಯುತ್ತುಳ್ಳ ಕಣಗಳ ಧಾರೆಯೆಂದು ತಿಳಿಯಿತು. ಆದರೆ ಆ ಕಣವು ಯಾವ ಧಾತುವಿನದು?

ಇದಕ್ಕೆ ಉತ್ತರ ದೊರೆತ ಕಥೆಯ ಮೊದಲ ಅಧ್ಯಾಯವು ಕನ್ನಡನಾಡಿನಲ್ಲಿಯೂ ನಡೆದಿರುವುದು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣವಾಯಿತು. ಅದರ ನೆರಳು ದಕ್ಷಿಣಾಪಥವನ್ನು ಅಡ್ಡಲಾಗಿ ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಎಂಬ ಪಂಡಿತರು ಗುಂಟೂರಿನಲ್ಲಿಯೂ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ಜಮಖಂಡಿಯಲ್ಲಿಯೂ ಯಂತ್ರಗಳನ್ನಿಟ್ಟುಕೊಂಡು ಕಾದಿದ್ದರು. ಸೂರ್ಯಬಿಂಬವು ಮರೆಯಾದಾಗ ಅದರ ಅಂಚಿನಿಂದ ಎದ್ದ ಜ್ವಾಲೆಗಳ ಬೆಳಕನ್ನು ಒಡೆದು ನೋಡಿದರೆ, ಅದರಲ್ಲಿ ಬಿಡಿಬಿಡಿಯಾದ ಬಣ್ಣದ ಗೆರೆಗಳು ಕಂಡುವು. ಅವುಗಳಲ್ಲಿ ಹಳದಿಗೆ ಸಮೀಪವಾದ ಒಂದು ಗೆರೆಯು ಸೋಡಿಯಂ ಧಾತುವಿನದೇ ಇರಬೇಕೆಂದು ಮೊದಲು ತೋರಿತು. ಅದೇ ವರ್ಷ ಲಾಕಿಯರರು ಸೂಕ್ಷ್ಮವಾಗಿ ಅಳೆದು, ಅದು ಸೋಡಿಯಂನ ಗೆರೆಯಲ್ಲವೆಂದು ಕಂಡರು. ಭೂಮಿಯ ಮೇಲೆ ಅದುವರೆಗೆ ಯಾರೂ ಕಾಣದ ಆ ಧಾತುವಿಗೆ, ಸೂರ್ಯನೆಂಬ ಅರ್ಥದ ಗ್ರೀಕ್ ಶಬ್ದದಿಂದ, ಹೀಲಿಯಂ ಎಂದು ಹೆಸರಾಯಿತು. ಜಮಖಂಡಿಯ ಬಯಲಿನಲ್ಲಿ ಆ ದಿನ ಗ್ರಹಣಸ್ನಾನಕ್ಕೆ ಹೊರಟವರ ನೆತ್ತಿಯ ಮೇಲೆಯೇ ಈ ಹೊಸ ಧಾತುವು ತನ್ನ ಗುರುತನ್ನು ತೋರಿಸುತ್ತಿತ್ತು.

ಇಪ್ಪತ್ತೇಳು ವರ್ಷಗಳಾದ ಮೇಲೆ, 1895ರಲ್ಲಿ, ರಾಮ್ಸೆ ಎಂಬ ರಸಾಯನಶಾಸ್ತ್ರಜ್ಞರು ಆ ಅನಿಲವನ್ನು ಭೂಮಿಯ ಮೇಲೆಯೇ ಹಿಡಿದರು. ಹಿಡಿದುದು ಎಲ್ಲಿ? ಯುರೇನಿಯಂ ಬೆರೆತ ಒಂದು ಕಲ್ಲಿನೊಳಗೆ! ಸೂರ್ಯನಲ್ಲಿರುವ ಅನಿಲವು ಕಲ್ಲಿನಲ್ಲಿ ಹೇಗೆ ಸೇರಿಕೊಂಡಿತೆಂಬುದು ಆಗ ಯಾರಿಗೂ ಬಗೆಹರಿಯಲಿಲ್ಲ. ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರೂ ಅವರ ಶಿಷ್ಯರಾದ ರಾಯ್ಡ್ಸರೂ ಮಾಡಿದ ಪ್ರಯೋಗವು ಇದನ್ನು ಬಗೆಹರಿಸಿತು. ಆಲ್ಫಾ ಕಣವು ಮಾತ್ರ ತೂರಿಹೋಗುವಷ್ಟು ತೆಳುವಾದ ಗಾಜಿನ ಕೊಳವೆಯಲ್ಲಿ ರೇಡಾನ್ ಅನಿಲವನ್ನು ತುಂಬಿ, ಅದನ್ನು ಗಾಳಿ ತೆಗೆದ ಮತ್ತೊಂದು ಕೊಳವೆಯೊಳಗೆ ಇಟ್ಟರು. ಕೆಲವು ದಿನಗಳು ಕಳೆದ ಮೇಲೆ, ಏನೂ ಇಲ್ಲದೆ ಬರಿದಾಗಿದ್ದ ಹೊರಗಿನ ಕೊಳವೆಯಲ್ಲಿ ವಿದ್ಯುತ್ತನ್ನು ಹಾಯಿಸಿ ನೋಡಲು, ಆ ಹಳದಿಯ ಗೆರೆಯೇ ಬೆಳಗಿತು. ಆಲ್ಫಾ ಕಣವೆಂದರೆ ಹೀಲಿಯಂನ ಬೀಜಕೇಂದ್ರವೇ ಎಂದು 1909ರಲ್ಲಿ ಲೋಕಕ್ಕೆ ತಿಳಿಯಿತು. ಓಟ ಮುಗಿಸಿ ನಿಂತ ಆಲ್ಫಾ ಕಣವು ಸುತ್ತಲಿನಿಂದ ಎರಡು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ಸಾಧುವಾದ ಹೀಲಿಯಂ ಪರಮಾಣುವಾಗಿ ಉಳಿಯುವುದು. ಭೂಮಿಯೊಳಗಿನಿಂದ ಇಂದು ತೆಗೆಯುವ ಹೀಲಿಯಂ ಬಹುಮಟ್ಟಿಗೆ ಹೀಗೆ ದಣಿದು ನಿಂತ ಆಲ್ಫಾ ಕಣಗಳ ರಾಶಿಯೇ. ಆಸ್ಪತ್ರೆಗಳಲ್ಲಿ ದೇಹದೊಳಗನ್ನು ಚಿತ್ರಿಸುವ ದೊಡ್ಡ ಅಯಸ್ಕಾಂತಯಂತ್ರಗಳನ್ನು ತಣ್ಣಗಿಡುವುದೂ ಅದೇ.

ಇನ್ನು ಅದರ ನಡೆಯನ್ನು ನೋಡಬಹುದು. ಹೊರಡುವಾಗ ಆಲ್ಫಾ ಕಣದ ವೇಗವು ಸೆಕೆಂಡಿಗೆ ಸುಮಾರು 15,000 ಕಿಲೋಮೀಟರು, ಎಂದರೆ ಬೆಳಕಿನ ವೇಗದ ಇಪ್ಪತ್ತನೆಯ ಒಂದು ಭಾಗ. ಇಷ್ಟು ರಭಸದಿಂದ ಹೊರಟದ್ದು ಎಷ್ಟು ದೂರ ಹೋಗುವುದೆಂದರೆ, ಗಾಳಿಯಲ್ಲಿ ಮೂರು ನಾಲ್ಕು ಸೆಂಟಿಮೀಟರು! ಮೂರು ಬೆರಳಗಲವನ್ನು ದಾಟುವುದರೊಳಗೆ ಅದರ ಶಕ್ತಿಯೆಲ್ಲ ಮುಗಿದುಹೋಗುವುದು. ಕಾರಣವು ಸ್ಪಷ್ಟವಾಗಿಯೇ ಇರುವುದು. ಈ ಕಣವು ಎಲೆಕ್ಟ್ರಾನಿಗಿಂತ 7,000 ಪಟ್ಟಿಗೂ ಮೀರಿ ಭಾರವಾದುದು, ಇಮ್ಮಡಿ ವಿದ್ಯುತ್ತುಳ್ಳುದು. ಚಿಕ್ಕಪೇಟೆಯ ಸಂದಣಿಯಲ್ಲಿ ಪೋರನೊಬ್ಬನು ಸಂದಿಗೊಂದಿಗಳಲ್ಲಿ ನುಸುಳಿ ದೂರ ಹೋಗಬಲ್ಲನು. ಹೇರು ತುಂಬಿದ ಬಂಡಿಯು ಎರಡು ಕಡೆಯವರನ್ನೂ ತಾಗುತ್ತ, ಉರುಳಿಸುತ್ತ ಕೊಂಚದೂರದಲ್ಲಿ ನಿಲ್ಲುವುದು. ಆಲ್ಫಾ ಕಣವು ತನ್ನ ಮೂರು ಬೆರಳಿನ ಹಾದಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯುವುದು. ವಿಶೇಷವೇನೆಂದರೆ, ವೇಗವು ತಗ್ಗಿದಷ್ಟೂ ಅದು ಮಾಡುವ ಹಾವಳಿ ಹೆಚ್ಚು. ಹಾದಿಯ ಕೊನೆಯ ಅಂಶದಲ್ಲಿಯೇ ಅತಿಯಾದ ನಾಶ.

ಹೀಗಿರುವುದರಿಂದ ಒಂದು ಹಾಳೆ ಕಾಗದವು ಅದನ್ನು ತಡೆದು ನಿಲ್ಲಿಸುವುದು. ಮನುಷ್ಯನ ಚರ್ಮದ ಮೇಲಣ ಸತ್ತ ಪದರವೂ ತಡೆಯುವುದು. ಹಿಂದೆ ಮಠಗಳ ಜಾತ್ರೆಗಳಲ್ಲಿಯೂ ಮದುವೆಯ ಮೆರವಣಿಗೆಗಳಲ್ಲಿಯೂ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪಗಳನ್ನು ಹಿರಿಯರು ಮರೆತಿರಲಾರರು. ಅವುಗಳ ಬಿಳಿಯ ಮ್ಯಾಂಟಲ್ ಥೋರಿಯಂನ ಭಸ್ಮದಿಂದಾದುದು. ಆ ಥೋರಿಯಂ ದೊರೆಯುವ ಮೊನಜೈಟ್ ಮರಳು ತಿರುವಾಂಕೂರಿನ ಕಡಲತೀರದಲ್ಲಿ ಹೇರಳವಾಗಿರುವುದು. ಥೋರಿಯಂ ಕೂಡ ಆಲ್ಫಾ ಕಣವನ್ನು ಬೀರುವ ಧಾತುವೇ. ರಾತ್ರಿಯೆಲ್ಲ ದೀಪವನ್ನು ಹೊತ್ತವನ ತಲೆಗೆ ಅದರ ಒಂದು ಆಲ್ಫಾ ಕಣವೂ ತಲುಪುತ್ತಿರಲಿಲ್ಲ, ಗಾಜಿನ ಬುರುಡೆಯೇ ಅದಕ್ಕೆ ಕೋಟೆಗೋಡೆ. ಒಡೆದ ಮ್ಯಾಂಟಲನ್ನು ಬಾಯಿಂದ ಊದಿ ತೆಗೆದು, ಆ ಬೂದಿಯನ್ನು ಉಸಿರಿನೊಳಗೆ ಎಳೆದುಕೊಳ್ಳುವವನ ಸಂಗತಿ ಬೇರೆ. ಅಲ್ಲಿ ಕಾಗದವೂ ಇಲ್ಲ, ಗಾಜೂ ಇಲ್ಲ, ಸತ್ತ ಚರ್ಮವೂ ಇಲ್ಲ. ಶ್ವಾಸಕೋಶದ ಜೀವಂತವಾದ ಪದರಕ್ಕೆ ಕಣವು ನೇರವಾಗಿ ತಾಗುವುದು. ಆಲ್ಫಾ ಕಣವನ್ನು ಕುರಿತು ಗೃಹಸ್ಥರು ನೆನಪಿನಲ್ಲಿಡಬೇಕಾದ ಸಂಗತಿ ಇದೊಂದೇ: ಅದು ಎಷ್ಟು ಬಲವುಳ್ಳದ್ದು ಎಂಬುದಕ್ಕಿಂತ, ಅದು ದೇಹದ ಹೊರಗಿದೆಯೋ ಒಳಗಿದೆಯೋ ಎಂಬುದೇ ಮುಖ್ಯ. ನೀರಿನ ವಿಷಯಕ್ಕೆ ಬರುವಾಗ ಇದರ ಪ್ರಯೋಜನ ತಿಳಿಯುವುದು.

ಅದಕ್ಕೆ ಮುಂಚೆ ಈ ಕಣವು ವಿದ್ವಾಂಸರಿಗೆ ಮಾಡಿದ ಉಪಕಾರವನ್ನು ಹೇಳದಿದ್ದರೆ ಅನ್ಯಾಯವಾದೀತು. 1909ರಲ್ಲಿ ಗೈಗರ್, ಮಾರ್ಸ್‌ಡೆನ್ ಎಂಬ ಇಬ್ಬರು, ರುದರ್‌ಫರ್ಡರ ಸೂಚನೆಯಂತೆ, ಲೋಹದ ತೆಳುವಾದ ರೇಕುಗಳ ಮೇಲೆ ಆಲ್ಫಾ ಕಣಗಳನ್ನು ಹೊಡೆದು ನೋಡಿದರು. ಕತ್ತಲೆಯ ಕೋಣೆಯಲ್ಲಿ ಕುಳಿತು, ಸತುವಿನ ಲವಣವನ್ನು ಬಳಿದ ಪರದೆಯ ಮೇಲೆ ಕಣವೊಂದು ಬಡಿದಾಗ ಮಿನುಗುವ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಿಂದ ಒಂದೊಂದಾಗಿ ಎಣಿಸುವ ಕೆಲಸ. ತಾಳ್ಮೆಯಿಲ್ಲದವರ ಕೈಗೆ ಆಗತಕ್ಕದ್ದಲ್ಲ. ಬಹುತೇಕ ಕಣಗಳು ರೇಕನ್ನು ದಾಟಿಹೋದುವು. ಎಂಟು ಸಾವಿರಕ್ಕೆ ಒಂದರಂತೆ ಕೆಲವು ಮಾತ್ರ ಬಂದ ದಾರಿಯ ಕಡೆಗೇ ಪುಟಿದು ಹಿಂದಿರುಗಿದುವು. ಅಷ್ಟು ಭಾರವಾದ ಕಣವನ್ನು ಹಿಂದಕ್ಕೆ ಪುಟಿಸಬೇಕಾದರೆ ಪರಮಾಣುವಿನ ಭಾರವೆಲ್ಲ ಅತ್ಯಲ್ಪವಾದ ಒಂದೆಡೆಯಲ್ಲಿ ಕೂಡಿರಬೇಕಷ್ಟೆ. ಹೀಗೆ 1911ರಲ್ಲಿ ಬೀಜಕೇಂದ್ರದ ಕಲ್ಪನೆಯು ಹುಟ್ಟಿತು.

ಕಣವನ್ನು ಹೊಡೆದು ವಸ್ತುವಿನ ಗುಟ್ಟನ್ನು ತಿಳಿಯುವ ಈ ಉಪಾಯವು ಈಚೆಗೆ ಚಂದ್ರಲೋಕದವರೆಗೂ ಹೋಗಿ ಬೆಂಗಳೂರಿಗೆ ಸುದ್ದಿ ತಂದಿತು. ರಾಮನ್ ನಗರದಿಂದ ಕೆಲವೇ ಮೈಲಿಗಳಲ್ಲಿ, ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ, ಯು. ಆರ್. ರಾವ್ ಉಪಗ್ರಹ ಕೇಂದ್ರವಿರುವುದು. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣಧ್ರುವದ ಕಡೆಯ ನೆಲದಲ್ಲಿ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ಎಂಬ ಪುಟ್ಟ ಬಂಡಿಯಲ್ಲಿ, ಅಹಮದಾಬಾದಿನ ಭೌತವಿಜ್ಞಾನ ಪ್ರಯೋಗಾಲಯದವರು ಮಾಡಿದ ಒಂದು ಉಪಕರಣವಿತ್ತು. ಅದರಲ್ಲಿ ಕ್ಯೂರಿಯಂ ಎಂಬ ಕೃತಕಧಾತುವನ್ನು ಇಟ್ಟಿದ್ದರು. ಅದು ಬೀರುವ ಆಲ್ಫಾ ಕಣಗಳೂ ಎಕ್ಸ್ ಕಿರಣಗಳೂ ಚಂದ್ರನ ಮಣ್ಣಿಗೆ ತಾಗಿದರೆ, ಮಣ್ಣಿನಲ್ಲಿರುವ ಒಂದೊಂದು ಧಾತುವೂ ತನ್ನದೇ ಆದ ಗುರುತಿನ ಎಕ್ಸ್ ಕಿರಣವನ್ನು ಹೊರಸೂಸುವುದು. ನೂರು ಮೀಟರಿನಷ್ಟು ಹಾದಿಯಲ್ಲಿ 23 ಎಡೆಗಳಲ್ಲಿ ಹೀಗೆ ಪರೀಕ್ಷೆ ನಡೆದು, ಗಂಧಕವೇ ಮುಂತಾದ ಧಾತುಗಳಿರುವುದು ಬೆಂಗಳೂರಿನ ಪೀಣ್ಯದ ಕೇಂದ್ರಕ್ಕೆ ತಿಳಿದುಬಂದಿತು. ಚಂದ್ರನು ಆದಿಯಲ್ಲಿ ಕರಗಿದ ಕಲ್ಲಿನ ಕಡಲಾಗಿದ್ದನೆಂಬ ವಾದಕ್ಕೆ ಇದರಿಂದ ಬಲ ಬಂದಿರುವುದು. ಕ್ಯೂರಿಯಂ ಸುಮಾರು 18 ವರ್ಷಗಳಿಗೆ ಅರ್ಧವಾಗುವ ಧಾತು. ಪ್ರಜ್ಞಾನ್ ನಿದ್ರಿಸಿದ್ದರೂ ಅದರೊಳಗಿನ ಆಲ್ಫಾ ಕಣಗಳು ಇಂದಿಗೂ ಸಿಡಿಯುತ್ತಲೇ ಇರುವುವು.

ಇಷ್ಟಾದರೂ ಬೀಜಕೇಂದ್ರದೊಳಗಿಂದ ಆಲ್ಫಾ ಕಣವು ಹೇಗೆ ಹೊರಬರುವುದೆಂಬುದು ಬಹುಕಾಲ ಒಗಟಾಗಿಯೇ ಇತ್ತು. ಬೀಜಕೇಂದ್ರದ ಸುತ್ತ ಒಂದು ಬಗೆಯ ಕೋಟೆಗೋಡೆಯಿರುವುದೆಂದು ಭಾವಿಸಬೇಕು. ಆ ಗೋಡೆಯನ್ನು ಹತ್ತಿ ಇಳಿಯಲು ಬೇಕಾದ ಶಕ್ತಿಯು, ಯುರೇನಿಯಂನಿಂದ ಹೊರಬಿದ್ದ ಕಣದಲ್ಲಿ ಕಾಣುವ ಶಕ್ತಿಗಿಂತ ಎಷ್ಟೋ ಪಟ್ಟು ಹೆಚ್ಚು. ನಂದಿದುರ್ಗದ ಗೋಡೆಯನ್ನು ಏರಲಾರದ ಮುದುಕನು ಬೆಳಗಾಗುವಷ್ಟರಲ್ಲಿ, ಗೋಡೆಯಲ್ಲಿ ಕಂಡಿಯೂ ಇಲ್ಲದೆ, ಕೋಟೆಯ ಹೊರಗೆ ನಿಂತಿದ್ದರೆ ಕಾವಲುಗಾರರು ಏನೆಂದುಕೊಳ್ಳಬೇಕು? 1928ರಲ್ಲಿ ಇಪ್ಪತ್ತನಾಲ್ಕು ವಯಸ್ಸಿನ ತರುಣರಾದ ಗ್ಯಾಮೋವರು ಜರ್ಮನಿಯಲ್ಲಿಯೂ, ಗರ್ನಿ, ಕಾಂಡನ್ ಎಂಬ ಇಬ್ಬರು ಅಮೆರಿಕೆಯಲ್ಲಿಯೂ ಬೇರೆಬೇರೆಯಾಗಿ ಇದಕ್ಕೆ ಸಮಾಧಾನ ಹೇಳಿದರು. ಸೂಕ್ಷ್ಮಕಣಕ್ಕೆ ಅಲೆಯ ಸ್ವಭಾವವೂ ಉಂಟು. ಅಲೆಯು ಗೋಡೆಗೆ ತಾಗಿದಾಗ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಅದರ ಅತ್ಯಲ್ಪವಾದ ಸುಳಿವು ಗೋಡೆಯ ಆಚೆಗೂ ಹಬ್ಬಿರುವುದು. ಆದುದರಿಂದ ಕಣವು ಗೋಡೆಯನ್ನು ಹತ್ತದೆಯೇ ಆಚೆ ಕಾಣಿಸಿಕೊಳ್ಳುವ ಸಂಭವವು, ಎಷ್ಟೇ ಸಣ್ಣದಾದರೂ, ಸೊನ್ನೆಯಲ್ಲ. ಯುರೇನಿಯಂನೊಳಗೆ ಕಣವು ಸೆಕೆಂಡಿಗೆ ಒಂದರ ಮುಂದೆ ಇಪ್ಪತ್ತೊಂದು ಸೊನ್ನೆಗಳನ್ನು ಬರೆದಷ್ಟು ಸಾರಿ ಗೋಡೆಗೆ ಬಡಿಯುವುದು. ಆದರೂ ಯುರೇನಿಯಂನ ಅರ್ಧವು ಕರಗಬೇಕಾದರೆ 447 ಕೋಟಿ ವರ್ಷಗಳು ಬೇಕು. ಅತ್ತ, ಅದೇ ಸಂತತಿಯ ಪೊಲೋನಿಯಂನ ಒಂದು ಬಗೆಯುಂಟು. ಅದರ ಕಣದ ಶಕ್ತಿಯು ಯುರೇನಿಯಂನ ಕಣದ ಶಕ್ತಿಗಿಂತ ಎರಡು ಪಟ್ಟು ಕೂಡ ಆಗದು. ಅದರ ಅರ್ಧಾಯುಷ್ಯವಾದರೋ ಸೆಕೆಂಡಿನ ಹತ್ತು ಸಾವಿರದಲ್ಲಿ ಎರಡು ಭಾಗಕ್ಕೂ ಕಡಿಮೆ! ಶಕ್ತಿಯು ಕೊಂಚ ಹೆಚ್ಚಿದರೆ ಗೋಡೆಯ ದಪ್ಪವು ಬಹಳ ಕಡಿಮೆಯಾದಂತಾಗುವುದು. ಈ ಒಂದು ಸಂಗತಿಯಿಂದಲೇ ಇಂಥ ಅಗಾಧವಾದ ಅಂತರ.

ಯಾವ ಪರಮಾಣು ಯಾವಾಗ ಒಡೆಯುವುದೆಂದು ಯಾರೂ ಹೇಳಲಾರರು. ಇದು ಉಪಕರಣದ ಕೊರತೆಯಲ್ಲ. ಪ್ರಕೃತಿಯ ಸ್ವಭಾವವೇ ಹೀಗೆ. ಆದರೆ ಕೋಟಿಗಟ್ಟಲೆ ಪರಮಾಣುಗಳು ಸೇರಿದಾಗ ಅರ್ಧವು ಕಳೆಯುವ ಕಾಲವು ಕೂದಲೆಳೆಯಷ್ಟೂ ತಪ್ಪದು. ಶಾಖಕ್ಕಾಗಲಿ, ಚಳಿಗಾಗಲಿ, ಆಮ್ಲಕ್ಕಾಗಲಿ ಅದು ಜಗ್ಗದು. ಲಾಲ್‌ಬಾಗಿನ ಬಂಡೆಯಂಥವುಗಳ ವಯಸ್ಸನ್ನು ಎಣಿಸುವುದು ಈ ಗಡಿಯಾರದಿಂದಲೇ. ಯುರೇನಿಯಂನ ಒಂದು ಪರಮಾಣು ಎಂಟು ಆಲ್ಫಾ ಕಣಗಳನ್ನೂ ಆರು ಬೀಟಾ ಕಣಗಳನ್ನೂ ಕಳೆದುಕೊಂಡು ಕೊನೆಗೆ ಸೀಸವಾಗಿ ನಿಲ್ಲುವುದು. ಕಲ್ಲಿನೊಳಗಿನ ಜಿರ್ಕಾನ್ ಎಂಬ ಹರಳಿನಲ್ಲಿ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ತೂಗಿನೋಡಿದರೆ ವಯಸ್ಸು ತಿಳಿಯುವುದು. ಆ ಬಂಡೆ ಹುಟ್ಟಿದಾಗ ಇದ್ದ ಯುರೇನಿಯಂನಲ್ಲಿ ಐದರಲ್ಲಿ ಮೂರು ಪಾಲು ಇಂದೂ ಹಾಗೆಯೇ ಇರುವುದು.

ಈ ಸಂತತಿಯ ನಡುವೆ, ರೇಡಿಯಂನ ಮಗುವಾಗಿ, ರೇಡಾನ್ ಹುಟ್ಟುವುದು. ಉಳಿದ ಬಂಧುಗಳೆಲ್ಲ ಘನವಸ್ತುಗಳು; ಹುಟ್ಟಿದೆಡೆಯಲ್ಲೇ ಇರುವುವು. ಇದೊಂದು ಮಾತ್ರ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಯಾವುದರೊಡನೆಯೂ ಬೆರೆಯದು. ಕಲ್ಲಿನ ಬಿರುಕುಗಳಲ್ಲಿ ನುಸುಳಿ ಅಲ್ಲಿರುವ ನೀರಿನಲ್ಲಿ ಕರಗಿಕೊಳ್ಳುವುದು. ಅದರ ಅರ್ಧಾಯುಷ್ಯವು 3.8 ದಿನಗಳು, ಎಂದರೆ, ಆಳದಿಂದ ಎತ್ತಿದ ನೀರಿನೊಡನೆ ಮನೆಯೊಳಗೆ ಬಂದು ಸೇರುವುದಕ್ಕೆ ಅದಕ್ಕೆ ಬೇಕಾದಷ್ಟು ಸಮಯವುಂಟು.

ಹಿಂದಿನವರು ಈ ಕಡೆಯಲ್ಲಿ ಕೆರೆಯ ನೀರನ್ನೂ ತೆರೆದ ಬಾವಿಯ ನೀರನ್ನೂ ಕುಡಿದರು. ತೆರೆದ ನೀರಿನಿಂದ ರೇಡಾನ್ ಗಾಳಿಗೆ ಹಾರಿಹೋಗುವುದರಿಂದ ಅವರಿಗೆ ಇದರ ಗೊಡವೆ ಹೆಚ್ಚಾಗಿ ಇರಲಿಲ್ಲ. ಕೆರೆಗಳು ಕುಗ್ಗಿ, ಮನೆಗಳು ಹೆಚ್ಚಿ, ನೂರಾರು ಅಡಿ ಆಳದ ಕೊಳವೆಬಾವಿಗಳು ಬಂದಾಗ ಸ್ಥಿತಿಯು ಬೇರೆಯಾಯಿತು. 2024ರ ಬೇಸಗೆಯಲ್ಲಿ ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿಹೋದುವೆಂದು ಸರ್ಕಾರವೇ ತಿಳಿಸಿತು. ನೀರು ಬತ್ತಿದಷ್ಟೂ ಜನರು ಇನ್ನೂ ಆಳಕ್ಕೆ ಕೊರೆಯುವರು. ಆಳಕ್ಕೆ ಹೋದಷ್ಟೂ ನೀರು ಬರಿಯ ಕಲ್ಲಿನ ಸಹವಾಸದಲ್ಲಿಯೇ ಬೆಳೆದಿರುವುದು. ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲವು ಮಾದರಿಗಳಲ್ಲಿ ರೇಡಾನ್ ಲೀಟರಿಗೆ 1,000 ಬೆಕ್ವೆರೆಲ್‌ಗಳನ್ನೂ ಮೀರಿದ್ದುದು ವರದಿಯಾಯಿತು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್. ಯೂರೋಪಿನ ರಾಷ್ಟ್ರಗಳ ಒಕ್ಕೂಟವು ಕುಡಿಯುವ ನೀರಿಗೆ ಇಟ್ಟುಕೊಂಡಿರುವ ಎಚ್ಚರಿಕೆಯ ಮಟ್ಟವು ಲೀಟರಿಗೆ 100. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ವಿಜ್ಞಾನಿಗಳು ಕರ್ನಾಟಕದ ಪೂರ್ವಭಾಗದ 73 ಹಳ್ಳಿಗಳ ಅಂತರ್ಜಲದಲ್ಲಿ ಯುರೇನಿಯಂ ಅನ್ನೇ ಅಳೆದು 2021ರಲ್ಲಿ ತಿಳಿಸಿದ ಸಂಗತಿಯೂ ಯೋಚಿಸತಕ್ಕದ್ದೇ. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ 30 ಮೈಕ್ರೋಗ್ರಾಂ ಎಂದು ಗೊತ್ತುಮಾಡಿದ ಮಿತಿಯನ್ನು 57 ಹಳ್ಳಿಗಳ ನೀರು ಮೀರಿತ್ತು.

ಕೇಳಿದವರು ಹೆದರಬೇಕಾದುದಿಲ್ಲ, ಯಾವುದರಿಂದ ಏನಾಗುವುದೆಂದು ಬಿಡಿಸಿ ತಿಳಿದರೆ ಸಾಕು. ನೀರಿನಲ್ಲಿ ಕರಗಿದ ಯುರೇನಿಯಂ ದೇಹವನ್ನು ಹೊಕ್ಕಾಗ ಬಾಧೆಯಾಗುವುದು ಮುಖ್ಯವಾಗಿ ಮೂತ್ರಪಿಂಡಗಳಿಗೆ, ಅದೂ ಆಲ್ಫಾ ಕಣದಿಂದಲ್ಲ, ಲೋಹದ ರಾಸಾಯನಿಕವಾದ ವಿಷಗುಣದಿಂದ. ರೇಡಾನಿನ ದಾರಿ ಬೇರೆ. ಕುಡಿದ ರೇಡಾನಿಗಿಂತ ಉಸಿರಾಡಿದ ರೇಡಾನ್ ಕೆಟ್ಟದ್ದು. ಮುಚ್ಚಿದ ಬಚ್ಚಲುಮನೆಯಲ್ಲಿ ಬಿಸಿನೀರನ್ನು ಬಿಟ್ಟಾಗ ಅದು ನೀರನ್ನು ತೊರೆದು ಗಾಳಿಗೆ ಬರುವುದು. ಅದು ಒಡೆದಾಗ ಹುಟ್ಟುವ ಪೊಲೋನಿಯಂ ಪರಮಾಣುಗಳು ಧೂಳಿಗೆ ಅಂಟಿಕೊಂಡು ಶ್ವಾಸನಾಳದ ಗೋಡೆಯ ಮೇಲೆ ಕುಳಿತು ಅಲ್ಲಿಯೇ ಆಲ್ಫಾ ಕಣಗಳನ್ನು ಹಾರಿಸುವುವು. ಮಾಂಸದಲ್ಲಿ ಆ ಕಣದ ಓಟವು ಕೂದಲಿನ ದಪ್ಪದಷ್ಟು ಮಾತ್ರ. ಆದರೆ ಶ್ವಾಸನಾಳದ ಜೀವಕೋಶಗಳು ಅಷ್ಟೇ ದೂರದಲ್ಲಿರುವುವು. ಶ್ವಾಸಕೋಶದ ಅರ್ಬುದರೋಗಕ್ಕೆ ಧೂಮಪಾನದ ನಂತರದ ಪ್ರಮುಖ ಕಾರಣಗಳಲ್ಲಿ ರೇಡಾನನ್ನು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿರುವುದು. ಧೂಮಪಾನದಲ್ಲಿಯೂ ಈ ಕಣದ ಕೈವಾಡವುಂಟು. ಹೊಗೆಸೊಪ್ಪಿನ ಎಲೆಯಲ್ಲಿ ಪೊಲೋನಿಯಂ ಸೇರಿರುವುದು, ಬೀಡಿ ಸೇದುವವನು ಅದನ್ನು ದಿನವೂ ತಾನಾಗಿ ಒಳಕ್ಕೆ ಕರೆಯುವನು. ಬೀಡಿಯ ಚಟವೂ ರೇಡಾನ್ ತುಂಬಿದ ಕೋಣೆಯೂ ಕೂಡಿದರೆ ಅಪಾಯವು ಎರಡರ ಮೊತ್ತಕ್ಕಿಂತಲೂ ಹೆಚ್ಚು.

ಪರಿಹಾರವೂ ಈ ಕಣದ ಸ್ವಭಾವದಿಂದಲೇ ತಿಳಿಯುವುದು. ಕೊಳವೆಬಾವಿಯ ನೀರನ್ನು ನೇರವಾಗಿ ಅಡಿಗೆಮನೆಯ ನಲ್ಲಿಗೆ ಬಿಡುವುದಕ್ಕಿಂತ, ಬಯಲಿನಲ್ಲಿರುವ ತೊಟ್ಟಿಗೆ ಮೇಲಿನಿಂದ ಸೀರ್ಪನಿಗಳಾಗಿ ಬೀಳುವಂತೆ ಮಾಡಿದರೆ ರೇಡಾನಿನ ಹೆಚ್ಚಿನ ಭಾಗವು ಹಾರಿಹೋಗುವುದು. ನಾಲ್ಕು ದಿನ ಶೇಖರಿಸಿಟ್ಟರೆ ಉಳಿದುದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ತಾನಾಗಿ ನಶಿಸುವುದು. ಬಚ್ಚಲುಮನೆಯ ಗವಾಕ್ಷಿಯನ್ನೂ ನೆಲಮಾಳಿಗೆಯ ಕಿಟಕಿಗಳನ್ನೂ ತೆರೆದಿಡುವುದು, ನೆಲದ ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು ಖರ್ಚಿಲ್ಲದ ಕೆಲಸಗಳು. ನೀರನ್ನು ಕಾಯಿಸಿದರೆ ರೇಡಾನ್ ಹೋಗುವುದು, ಆದರೆ ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಉಳಿದ ನೀರಿನಲ್ಲಿ ಮತ್ತಷ್ಟು ದಟ್ಟವಾಗುವುದು. ಇದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಯುರೇನಿಯಂ ಅನ್ನು ತೆಗೆಯುವುದಕ್ಕೆ ಆರ್.ಓ. ಎಂದು ಕರೆಯುವ ಶೋಧಕಯಂತ್ರವು ಬೇಕು. ಅದರಿಂದ ಹೊರಬೀಳುವ ತ್ಯಾಜ್ಯಜಲವನ್ನು ಅಡಿಗೆಗಾಗಲಿ ದನಕರುಗಳಿಗಾಗಲಿ ಬಳಸಬಾರದು. ಕಾವೇರಿಯ ನೀರು ಬರುವ ಮನೆಗಳಿಗೆ ಈ ಚಿಂತೆಯು ಬಹಳ ಕಡಿಮೆ. ನದಿಯ ನೀರು ಗಾಳಿಬೆಳಕುಗಳಲ್ಲಿ ಹರಿದುಬಂದುದು.

ನೂರಾರು ಜನರಿಗೆ ದಾಸೋಹ ನಡೆಯುವ ಸ್ಥಳಗಳಲ್ಲಿ ಕೊಳವೆಬಾವಿಯ ನೀರನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಅವಶ್ಯ. ಸಾಮಾನ್ಯವಾದ ಪರೀಕ್ಷೆಯಲ್ಲಿ ಲವಣ, ಗಡಸುತನ, ಫ್ಲೋರೈಡುಗಳನ್ನು ನೋಡುವರು. ಯುರೇನಿಯಂ ಅನ್ನೂ ರೇಡಾನನ್ನೂ ಹೆಸರು ಹೇಳಿ ಕೇಳಿದರೆ ಮಾತ್ರ ಅಳೆಯುವರು. ರೇಡಾನಿಗಾಗಿ ಕೊಡುವ ನೀರನ್ನು ಸೀಸೆಯ ಕಂಠದವರೆಗೆ, ಗಾಳಿಯ ಗುಳ್ಳೆಯೊಂದೂ ಉಳಿಯದಂತೆ ತುಂಬಿ, ಬಿರಡೆಯನ್ನು ಭದ್ರವಾಗಿ ಹಾಕಿ ಅದೇ ದಿನ ತಲುಪಿಸಬೇಕು. ತಡವಾದರೆ ಕಣಗಳು ದಾರಿಯಲ್ಲಿಯೇ ಸಿಡಿದು ಮುಗಿದು, ಲೆಕ್ಕವು ಕಡಿಮೆಯಾಗಿ ಕಾಣುವುದು.